ಕಾಣೆಯಾದ ಅಕ್ಷರಕ್ಕೆ ಒಂದು ಮಣಿಕಟ್ಟು

ದಿನಕ್ಕೆ ಅರವತ್ತು ತೋಳು ನೋಡುತ್ತೇನೆ,
ಮುಖ ಆಮೇಲೆ.
ಹಾಸನದ ದೊಡ್ಡಾಸ್ಪತ್ರೆ, ಕೋಣೆ ಹನ್ನೊಂದು.
ರಬ್ಬರು ಕಟ್ಟಿ, ತಟ್ಟಿ, ನರ ಹಿಡಿದರೆ
ನನಗೆ ಸಂಬಳ.

ತೋಳುಗಳಲ್ಲಿ ಏನೇನಿಲ್ಲ!
ಹುಲಿಯ ಬಾಯಿಗೆ ಕತ್ತಿ ಇಟ್ಟ ಸಳ,
ಒತ್ತಕ್ಷರ ಬಿಟ್ಟುಹೋಗಿ ‘ಅಮ’ ಆಗಿಯೇ ಉಳಿದ ಅಮ್ಮ,
ಹಳೆಯ ಹೆಸರೊಂದರ ಮೇಲೆ
ಬಲವಂತಕ್ಕೆ ಬಂದು ಕೂತ ಹದ್ದು.
ನಾನು ಸೂಜಿ ಎತ್ತಿದಾಗ
ಹದ್ದಿನ ಯಜಮಾನ ಗೋಡೆ ನೋಡಿದ.

ನನಗೂ ಒಂದು ಬೇಕು.
ಹೇಳಿಬಿಟ್ಟೆ, ನಲವತ್ತಮೂರಕ್ಕೆ.

ಮೈಯೇನು ಖಾಲಿ ಹಾಳೆಯಲ್ಲ:
ಎಡತೋಳಿಗೆ ಸರ್ಕಾರ ಒತ್ತಿದ ಲಸಿಕೆಯ ಮೊಹರು,
ಮುಂಗೈಗೆ ಒಗ್ಗರಣೆ ಸಿಡಿದು ಇಟ್ಟ ಮೂರು ಚುಕ್ಕಿ,
ಹೊಟ್ಟೆಯಡಿ ಮಗಳು ಹೊರಬಂದ ಬಾಗಿಲ ಗೆರೆ.
ಎಲ್ಲದರ ಜೊತೆಗೂ ರಾಜಿಯಾಗಿದ್ದೇನೆ.
ಯಾವುದನ್ನೂ ಕೇಳಿ ಪಡೆದದ್ದಲ್ಲ.

ಏನು ಹಾಕಿಸುತ್ತೀ ಎಂದರೆ, ನಗಬೇಡಿ:
ೞ.
ಒಂಬತ್ತನೇ ಕ್ಲಾಸಿನಲ್ಲಿ ತಿಮ್ಮಶೆಟ್ಟಿ ಮೇಷ್ಟ್ರು
ಬೋರ್ಡಿನ ಮೇಲೆ ಬರೆದು, ಡಸ್ಟರಿನಿಂದ ಒರೆಸಿ
‘ಹೀಗೆ ಹೋಯ್ತು ನೋಡಿ’ ಅಂದಿದ್ದರು.
ಬಾಳು ಅನ್ನುವುದರಲ್ಲೂ ಇದೇ ಇತ್ತಂತೆ,
ಅಳಿ ಅನ್ನುವುದರಲ್ಲೂ.
ನಾಲಿಗೆ ಎಲ್ಲಿ ಮಡಚಬೇಕೆಂದು
ಈಗ ಯಾರಿಗೂ ಖಾತ್ರಿಯಿಲ್ಲ.
ಪರೀಕ್ಷೆಗೆ ಬರಲಿಲ್ಲ;
ನನ್ನನ್ನು ಬಿಡಲೂ ಇಲ್ಲ.

ಯೋಗೀಶ್ ಪೇಪರಿನಿಂದ ತಲೆ ಎತ್ತದೆ
‘ಹಾಕಿಸ್ಕೊ, ನನ್ನ ಹೆಸರು ಮಾತ್ರ ಬೇಡ’ ಅಂದರು.
ಹಗುರವಾಯಿತೋ ಬೇಜಾರಾಯಿತೋ
ಇನ್ನೂ ತಿಳಿದಿಲ್ಲ.
ಮಗಳೆಂದಳು: ‘ಜಿಲೇಬಿ ಥರ ಇದೆಯಮ್ಮ.’

ಮೂರು ತಿಂಗಳಿಂದ ಬೆಳಿಗ್ಗೆ ಬಾಲ್‌ಪೆನ್ನಿನಲ್ಲಿ
ಮಣಿಕಟ್ಟಿಗೆ ಬರೆದು ಮೇಲೆ ಗ್ಲೌಸು ಎಳೆಯುತ್ತೇನೆ.
ಸಂಜೆಗೆ ಬೆವರು, ಸ್ಪಿರಿಟ್ಟು, ನೀಲಿ ಕಲೆ.
ಮತ್ತೆ ನಾಳೆ.

ದುದ್ದದ ಸಣ್ಣತಾಯಮ್ಮನಿಗೆ ನರ ಸಿಗಲಿಲ್ಲ.
ಮೊಣಕೈಯಿಂದ ಕೆಳಗೆಲ್ಲ ಹಸಿರು ಹಚ್ಚೆ:
ಬಾಸಿಂಗ, ತೊಟ್ಟಿಲು, ಚೇಳು.
‘ಚೇಳಿನ ಕೊಂಡಿ ತಾವ ಚುಚ್ಚವ್ವ’ ಅಂದಳು.
ಅಲ್ಲೇ ಸಿಕ್ಕಿತು.
‘ಚಿತ್ರ ನೀವೇ ಆರಿಸಿದ್ದಾ?’
‘ಯಾರವ್ವ ಕೇಳಾರು? ಇಬ್ರು ಹಿಡ್ಕಂಡ್ರು, ಒಬ್ಳು ಚುಚ್ಚುದ್ಲು.’
ಗ್ಲೌಸಿನ ಅಂಚಲ್ಲಿ ಇಣುಕಿದ ನನ್ನ ಪೆನ್ನಿನ ಬಾಲ ನೋಡಿ,
ಹತ್ತಿ ಒತ್ತಿಕೊಂಡು ಎದ್ದಳು:
‘ನಿನ್ನ ಹಿಡ್ಕಳಾಕೆ ಯಾರೂ ಇಲ್ಲ. ಅದ್ಕೇ ಕಷ್ಟ.’

ಹೋದ ಭಾನುವಾರ ಸುಮ್ಮನೆ ಹಲ್ಮಿಡಿಗೆ ಹೋಗಿ ಬಂದೆ.
ಅಸಲು ಕಲ್ಲು ಮೈಸೂರಿನಲ್ಲಿ, ಇಲ್ಲಿರುವುದು ಅಚ್ಚು.
ನಕಲಿನ ಮೇಲೂ ಕೈಯಾಡಿಸಿದೆ.
ಕೊರೆದವನು ಮೊದಲ ಪೆಟ್ಟಿಗೆ ಮುಂಚೆ
ಎಷ್ಟು ಹೊತ್ತು ಉಳಿ ಹಿಡಿದು ನಿಂತಿದ್ದನೋ,
ಅದನ್ನು ಯಾವ ಶಾಸನವೂ ಬರೆದಿಟ್ಟಿಲ್ಲ.

ಇನ್ನೊಂದು ಲೆಕ್ಕವಿದೆ, ಮನೆಯಲ್ಲಿ ಹೇಳಿಲ್ಲ.
ನನ್ನದು ಓ ನೆಗೆಟಿವ್.
ಅಪರಾತ್ರಿ ರಕ್ತನಿಧಿಯಿಂದ ಫೋನು ಬಂದರೆ
ಚಪ್ಪಲಿ ಮೆಟ್ಟಿ ಓಡುವವಳು.
ಹಚ್ಚೆ ಹಾಕಿಸಿದರೆ ಒಂದು ವರ್ಷ ಕೊಡುವಂತಿಲ್ಲ.
ಒಂದು ಅಕ್ಷರಕ್ಕೆ ಹನ್ನೆರಡು ತಿಂಗಳು.
ಯಾವಳೋ ಹೆರಿಗೆಯವಳು,
ಯಾವನೋ ಶಿರಾಡಿಯಲ್ಲಿ ಬೈಕಿನಿಂದ ಬಿದ್ದವನು,
ನನ್ನ ೞ-ದ ಬಾಕಿ ಅವರು ತೀರಿಸಬೇಕೆ?

ಶುಕ್ರವಾರ ಒಂದು ಚೀಲ ಕೊಟ್ಟೆ.
ಮುಂಗಡ ಅಂದುಕೊಂಡೆ; ರಕ್ತಕ್ಕೆ ಮುಂಗಡವಿಲ್ಲ,
ಮೂವತ್ತೈದು ದಿನಕ್ಕೆ ಹಳಸುತ್ತದೆ,
ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಶನಿವಾರ. ಸಾಲಗಾಮೆ ರಸ್ತೆ, ಬೇಕರಿಯ ಮೇಲಿನ ಮಹಡಿ.
ದರ್ಶಿತ್ ಎಂಬ ಹುಡುಗ ಅಕ್ಷರವನ್ನು ತಿರುಗಿಸಿ ನೋಡಿ
‘ಆಂಟಿ, ಇದು ಉಲ್ಟಾ ಇಲ್ಲ ತಾನೆ?’
ಅದೇ ಸ್ಪಿರಿಟ್ಟಿನ ವಾಸನೆ. ನನ್ನದೇ ಕೋಣೆ,
ಕುರ್ಚಿ ಮಾತ್ರ ಅದಲುಬದಲು.
ತೋಳು ಚಾಚಿದೆ. ಮುಷ್ಟಿ ತಾನೇ ಬಿಗಿಯಿತು.
‘ಸಡಿಲ ಬಿಡಿ’ ಅಂದ,
ನನ್ನ ಮಾತು, ನನಗೇ.

‘ಹೊಸ ಸೂಜಿ ತೆಗಿ. ಪ್ಯಾಕೆಟ್ಟು ನನ್ನೆದುರು ಹರಿ’ ಅಂದೆ.
ಹರಿದ ಸದ್ದು ಕೇಳಿತು.

ಈಗಲೂ ಎದ್ದು ಹೋಗಬಹುದು.
ಯಾರೂ ಹಿಡಿದುಕೊಂಡಿಲ್ಲ.